ತಾರಸಿ ನಮ್ಮದು, ಗಾಳಿ ನಮ್ಮದು. ಕನ್ನಡಕ್ಕೆ ಮಾತ್ರ ಬಾಡಿಗೆಯೇ?



ಇವತ್ತು ಸಂಜೆ ಒಮ್ಮೆ ನಿಮ್ಮ ಮನೆಯ ತಾರಸಿ ಹತ್ತಿ. ದೇವಸಂದ್ರ, ದೂರವಾಣಿನಗರ, ರಾಮಮೂರ್ತಿನಗರ, ಟಿ.ಸಿ. ಪಾಳ್ಯ, ನಿಮ್ಮದು ಕೃಷ್ಣರಾಜಪುರದ ಯಾವ ಮೂಲೆಯಾದರೂ ಸರಿ. ಸುತ್ತ ಕಣ್ಣಾಡಿಸಿ. ಬಾಣಲೆಯಂಥ ಡಿಶ್ಶುಗಳು ಸಾಲಾಗಿ ಆಕಾಶಕ್ಕೆ ಬಾಯಿ ಬಿಟ್ಟುಕೊಂಡು ಕೂತಿವೆ. ಕಂಬದಿಂದ ತೆಂಗಿನ ಮರಕ್ಕೆ, ತೆಂಗಿನ ಮರದಿಂದ ಯಾರದೋ ಕಿಟಕಿಗೆ ಕೇಬಲ್ಲಿನ ಕಪ್ಪು ತಂತಿ ಜೋತಾಡುತ್ತಿದೆ. ಇವುಗಳ ನಡುವೆ, ಎಲ್ಲೋ ಒಂದು ಹಳೆಯ ಮನೆಯ ನೀರಿನ ಟ್ಯಾಂಕಿನ ಪಕ್ಕದಲ್ಲಿ, ಬಣ್ಣಗೆಟ್ಟ ಅಲ್ಯುಮಿನಿಯಂ ಅಸ್ಥಿಪಂಜರವೊಂದು ಕಾಣುತ್ತದೆ. ಮೀನಿನ ಮುಳ್ಳಿನ ಹಾಗೆ ಅಡ್ಡಡ್ಡ ಕಡ್ಡಿಗಳು. ಮೇಲೊಂದು ಕಾಗೆ.

ಅದು ಆಂಟೆನಾ. ನಿಮ್ಮ ಅಪ್ಪನ ಕಾಲದ್ದು. ಅದಕ್ಕೆ ರೀಚಾರ್ಜು ಇರಲಿಲ್ಲ, ಪ್ಯಾಕೇಜು ಇರಲಿಲ್ಲ, ತಿಂಗಳ ಮೊದಲ ವಾರ ಬಾಗಿಲು ಬಡಿಯುವ ವಸೂಲಿ ಹುಡುಗನೂ ಇರಲಿಲ್ಲ.

ಈಗ ಕೆಳಗಿಳಿದು ಬಂದು ಲೆಕ್ಕ ಹಾಕಿ. ಅಜ್ಜಿ ನೋಡುವ ಕನ್ನಡ ಧಾರಾವಾಹಿಗೆ, ಅಮ್ಮ ನೋಡುವ ಕನ್ನಡ ಸಿನಿಮಾಕ್ಕೆ ತಿಂಗಳು ತಿಂಗಳೂ ಎಷ್ಟು ಕಟ್ಟುತ್ತಿದ್ದೀರಿ? ಕನ್ನಡನಾಡಿನ ರಾಜಧಾನಿಯಲ್ಲಿ, ಕನ್ನಡಿಗರ ಮನೆಯಲ್ಲಿ, ಕನ್ನಡ ಕೇಳುವುದಕ್ಕೆ ಬಾಡಿಗೆ!

ಅಂಗಡಿ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕೆಂದು 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಕೂಗು ಎದ್ದಿತು. 2024ರಲ್ಲಿ ಕಾಯಿದೆಗೆ ತಿದ್ದುಪಡಿಯೂ ಬಂತು. ಒಳ್ಳೆಯದೇ ಆಯಿತು. ಆದರೆ ಬೋರ್ಡು ಓದಿದ ಕಣ್ಣನ್ನು ಸ್ವಲ್ಪ ಮೇಲಕ್ಕೆತ್ತಿ. ತಾರಸಿಯ ಮೇಲೆ ಬಿಟ್ಟಿಯಾಗಿ ಬಂದು ಬೀಳುವ ಟಿ.ವಿ.ಯಲ್ಲಿ ನೂರಕ್ಕೆ ಎಷ್ಟು ಭಾಗ ಕನ್ನಡ? ಈ ಲೆಕ್ಕವನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಕೋಳಿಜಾಲರಿಯ ಮೇಲೆ ಇಳಿದ ಕನ್ನಡ

ಟಿ.ವಿ. ಎಂದರೆ ದುಡ್ಡಿದ್ದವರ ಸೊತ್ತು ಎಂದು ತಿಳಿದವರು ಇತಿಹಾಸ ಸ್ವಲ್ಪ ಕೇಳಬೇಕು. 1975ರ ಆಗಸ್ಟ್ 1ರಂದು ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಇಸ್ರೋ ಒಂದು ವರ್ಷದ ಪ್ರಯೋಗ ಶುರು ಮಾಡಿತು. ಆರು ರಾಜ್ಯಗಳ 2,400 ಹಳ್ಳಿಗಳನ್ನು ಆರಿಸಿಕೊಂಡಿತು. ನಮ್ಮ ಪಾಲಿಗೆ ಬಂದದ್ದು ಯಾವ ಊರು? ಬೆಂಗಳೂರಲ್ಲ, ಮೈಸೂರಲ್ಲ. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಮೂರು ಮೀಟರ್ ಅಗಲದ ಆಂಟೆನಾ, ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಹಾಕುವ ತಂತಿಜಾಲರಿ. ಆ ಜಾಲರಿಯ ಮೇಲೆ ಆಕಾಶದಿಂದ ಕನ್ನಡ ಇಳಿಯಿತು. ಶಾಲೆಯ ಮುಂದೆ, ಪಂಚಾಯ್ತಿ ಕಟ್ಟೆಯ ಮೇಲೆ ಊರಿಗೆ ಊರೇ ಕೂತು ನೋಡಿತು. ಒಬ್ಬರೂ ಕಾಸು ಕೊಡಲಿಲ್ಲ.

ಬೆಂಗಳೂರಿಗೆ ದೂರದರ್ಶನ ಬಂದದ್ದು ಅದಾದ ಆರು ವರ್ಷಕ್ಕೆ, 1981ರ ನವೆಂಬರ್ 1ರಂದು. ರಾಜ್ಯೋತ್ಸವದ ದಿನ. ಮುಂದೆ ಜೆ.ಸಿ. ನಗರದ ಗೋಪುರ ಊರಿನ ಗುರುತಾಯಿತು. ಹಲಸೂರಿನಿಂದ ಹೊಸಕೋಟೆಯವರೆಗೆ ಮನೆಮನೆಯ ಮೇಲೂ ಅಲ್ಯುಮಿನಿಯಂ ಕಡ್ಡಿಗಳು ಎದ್ದು ನಿಂತವು. ಗಾಳಿ ಬೀಸಿದರೆ ಒಬ್ಬ ಮೇಲೆ ಹತ್ತಿ ತಿರುಗಿಸುವುದು, ಒಬ್ಬ ಕೆಳಗಿನಿಂದ 'ಬಂತು, ಬಂತು, ಹೋಯ್ತು!' ಎಂದು ಕೂಗುವುದು. ಆ ತಲೆಮಾರಿನ ಪ್ರತಿ ಮನೆಯಲ್ಲೂ ಒಬ್ಬ ಇಂಜಿನಿಯರ್ ಇದ್ದ. ಈಗ ಬೀದಿಗೆ ಹತ್ತು ಜನ ನಿಜವಾದ ಇಂಜಿನಿಯರುಗಳಿದ್ದಾರೆ, ಆಂಟೆನಾ ತಿರುಗಿಸುವವರು ಒಬ್ಬರೂ ಇಲ್ಲ.

ಗಾಳಿ ಯಾರ ಅಪ್ಪನ ಸ್ವತ್ತು?

ಈ ಪ್ರಶ್ನೆಗೆ ಉತ್ತರ ನಮ್ಮದಲ್ಲ, ಸುಪ್ರೀಂ ಕೋರ್ಟಿನದು. ಕ್ರಿಕೆಟ್ ಪಂದ್ಯವನ್ನು ಯಾರು ಬಿತ್ತರಿಸಬೇಕು ಎಂಬ ಜಗಳದಲ್ಲಿ, ಬಂಗಾಳ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, 1995ರ ಫೆಬ್ರವರಿ 9ರಂದು ಆ ನ್ಯಾಯಾಲಯ ತೀರ್ಪು ಕೊಟ್ಟಿತು: ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು, ಅವುಗಳ ಬಳಕೆ ಸಾರ್ವಜನಿಕರ ಹಿತಕ್ಕಾಗಿ ಆಗಬೇಕು. ಸರ್ಕಾರದ್ದೂ ಅಲ್ಲ, ಸಾಹುಕಾರನದ್ದೂ ಅಲ್ಲ. ಕೆರೆ, ಗೋಮಾಳ, ಗುಂಡುತೋಪು ಹೇಗೋ ಹಾಗೆ ನಿಮ್ಮ ತಾರಸಿಯ ಮೇಲಿನ ಅಲೆಯೂ ಊರಿನ ಆಸ್ತಿ.

ಇನ್ನೊಂದು ಕಾಯಿದೆ ಇದೆ. 1990ರ ಪ್ರಸಾರ ಭಾರತಿ ಕಾಯಿದೆ. ದೂರದರ್ಶನವನ್ನೂ ಆಕಾಶವಾಣಿಯನ್ನೂ ನಡೆಸುವ ಸಂಸ್ಥೆ ಅದರಡಿಯಲ್ಲಿ 1997ರಲ್ಲಿ ಹುಟ್ಟಿತು. ಅದರ 12ನೇ ಕಲಮು ಆ ಸಂಸ್ಥೆಯ ಕರ್ತವ್ಯಗಳನ್ನು ಎಣಿಸುತ್ತದೆ. ದೇಶದ ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿ ಮತ್ತು ಭಾಷೆಗಳಿಗೆ ಸಾಕಷ್ಟು ಜಾಗ ಕೊಡಬೇಕು ಎಂಬುದು ಅದರಲ್ಲಿ ಒಂದು. ಸಾಕಷ್ಟು ಜಾಗ! ಗೆಳೆಯರೇ, ಈ ಎರಡು ಪದಗಳನ್ನು ನೆನಪಿಟ್ಟುಕೊಳ್ಳಿ. ಕನ್ನಡಕ್ಕೆ ಗಾಳಿಯಲ್ಲಿ ಜಾಗ ಕೇಳುವುದು ಭಿಕ್ಷೆಯಲ್ಲ, ಕಾನೂನು.

ಬಾಡಿಗೆದಾರರಾದದ್ದು ಹೀಗೆ

ಕೇಬಲ್ಲಿಗೆ ಪೆಟ್ಟಿಗೆ ಕಡ್ಡಾಯವಾದ ಎರಡನೇ ಹಂತದಲ್ಲಿ ಬೆಂಗಳೂರು ಸೇರಿತ್ತು. ಅದರ ಗಡುವು 2013ರ ಮಾರ್ಚ್ 31. 2019ರ ಫೆಬ್ರವರಿ 1ರಿಂದ ಟ್ರಾಯ್‌ನ ಹೊಸ ದರಪಟ್ಟಿ ಬಂತು. 100 ವಾಹಿನಿಗಳವರೆಗೆ ಬರೀ ತಂತಿಗೆ 130 ರೂಪಾಯಿ, ಅದರ ಮೇಲೆ ನೂರಕ್ಕೆ 18 ತೆರಿಗೆ. ಒಟ್ಟು 153 ರೂಪಾಯಿ 40 ಪೈಸೆ. ವರ್ಷಕ್ಕೆ 1,840 ರೂಪಾಯಿ 80 ಪೈಸೆ. ಕಾಸಿನ ಕನ್ನಡ ವಾಹಿನಿಗಳ ಬೆಲೆ ಬೇರೆ. 2024ರಲ್ಲಿ ಆ 130ರ ಮಿತಿಯನ್ನೂ ಟ್ರಾಯ್ ತೆಗೆದುಹಾಕಿತು.

ಅತ್ತ ಗೋಪುರದ ಕಥೆ? ಹಳೆಯ ಅನಲಾಗ್ ಪ್ರಸಾರವನ್ನು 2022ರ ಮಾರ್ಚ್ 31ರ ಹೊತ್ತಿಗೆ ಮುಗಿಸುವುದಾಗಿ ಪ್ರಸಾರ ಭಾರತಿ ಪ್ರಕಟಿಸಿತು. ದೇಶದಲ್ಲಿ ಉಳಿಸಿಕೊಂಡದ್ದು ಆಯಕಟ್ಟಿನ ಜಾಗಗಳ ಸುಮಾರು 50 ಪ್ರಸಾರಕಗಳನ್ನು ಮಾತ್ರ. ಹಳೆಯದು ಹೋಗಲಿ, ಯಾರೂ ಅಳಬೇಕಿಲ್ಲ. ಹೊಸದು ಬರಬೇಕಲ್ಲ? 2016ರ ಫೆಬ್ರವರಿ 25ರಂದು ದೂರದರ್ಶನ 16 ನಗರಗಳಲ್ಲಿ ಡಿಜಿಟಲ್ ಭೂಪ್ರಸಾರ ಆರಂಭಿಸಿತು. ಡಿ.ವಿ.ಬಿ.-ಟಿ2 ಎಂಬ ಹೊಸ ಪದ್ಧತಿ. ಆ 16ರಲ್ಲಿ ಬೆಂಗಳೂರೂ ಒಂದು. ಐದು ವಾಹಿನಿ, ತಿಂಗಳ ಬಾಡಿಗೆ ಸೊನ್ನೆ. ಎದೆ ಮುಟ್ಟಿಕೊಂಡು ಹೇಳಿ, ನಿಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು?

ಅಮೆರಿಕದಲ್ಲಿ 2009ರ ಜೂನ್ 12ರಂದು ದೊಡ್ಡ ಅನಲಾಗ್ ಪ್ರಸಾರಗಳು ನಿಂತಾಗ, ಹಳೆಯ ಟಿ.ವಿ.ಗೆ ಹೊಸ ಪೆಟ್ಟಿಗೆ ಕೊಳ್ಳಲು ಅಲ್ಲಿನ ಸರ್ಕಾರ ಮನೆಗೆ ಎರಡರವರೆಗೆ ತಲಾ 40 ಡಾಲರಿನ ಕೂಪನ್ ಕೊಟ್ಟಿತು. ಅಲ್ಲಿನ ನಗರಗಳಲ್ಲಿ ಇಂದಿಗೂ ಜನ ತಾರಸಿಗೆ ಆಂಟೆನಾ ಹಾಕಿ ಬಿಟ್ಟಿ ಟಿ.ವಿ. ನೋಡುತ್ತಾರೆ. ಬಂಡವಾಳಶಾಹಿಯ ತವರಿನಲ್ಲಿ ಬಿಟ್ಟಿ, ಬಸವಣ್ಣನ ನಾಡಿನಲ್ಲಿ ಬಾಡಿಗೆ!

ತಾರಸಿಯ ಪಾಠ ಒಂದು: ಆರಿಸುವುದು

ನಮ್ಮ ಊರಿನಲ್ಲೇ ಐ.ಟಿ.ಐ. ಕಾರ್ಖಾನೆ 1948ರಲ್ಲಿ ಶುರುವಾಗಿ ದೇಶಕ್ಕೆಲ್ಲ ಟೆಲಿಫೋನು ಮಾಡಿಕೊಟ್ಟಿತು. ಅದರಿಂದಲೇ ದೂರವಾಣಿನಗರ ಎಂಬ ಹೆಸರು ಬಂದದ್ದು. ಆ ಹೆಸರಿನ ಊರಿನ ಹುಡುಗರಿಗೆ, ಹುಡುಗಿಯರಿಗೆ ಒಂದು ಆಂಟೆನಾ ಕಟ್ಟಲು ಬಾರದಿದ್ದರೆ ನಗೆಪಾಟಲಲ್ಲವೇ? ಹಕ್ಕು ಕೇಳುವವನಿಗೆ ಕಸುಬೂ ಗೊತ್ತಿರಬೇಕು. ಗೊತ್ತಿಲ್ಲದವನನ್ನು ಅಧಿಕಾರಿಯೂ ಯಾಮಾರಿಸುತ್ತಾನೆ, ಅಂಗಡಿಯವನೂ ಯಾಮಾರಿಸುತ್ತಾನೆ. ಆದ್ದರಿಂದ ಸ್ವಲ್ಪ ಕಸುಬಿನ ಮಾತು.

ಮೊದಲು ದಿಕ್ಕು. ಕೃಷ್ಣರಾಜಪುರದಿಂದ ಜೆ.ಸಿ. ನಗರದ ಗೋಪುರ ಕಾಗೆ ಹಾರುವ ದಾರಿಯಲ್ಲಿ ಸುಮಾರು 11 ಕಿಲೋಮೀಟರ್, ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ. ಅಂದರೆ ಸೂರ್ಯ ಮುಳುಗುವ ಕಡೆಗೆ. ಇದಕ್ಕಿಂತ ಸುಲಭದ ಗುರುತು ಬೇಕೇ?

ಎರಡನೆಯದು ಅಳತೆ. ಆಂಟೆನಾ ಕಡ್ಡಿಯ ಉದ್ದ ಅಲೆಯ ಉದ್ದದ ಅರ್ಧದಷ್ಟಿರಬೇಕು. 200 ಮೆಗಾಹರ್ಟ್ಸ್ ಆಸುಪಾಸಿನ ವಿ.ಎಚ್.ಎಫ್. ಅಲೆಗೆ ಕಡ್ಡಿ ಸುಮಾರು ಒಂದೂವರೆ ಮೊಳ. 500 ಮೆಗಾಹರ್ಟ್ಸ್ ಆಸುಪಾಸಿನ ಯು.ಎಚ್.ಎಫ್. ಅಲೆಗೆ ಒಂದು ಅಡಿಗೂ ಸ್ವಲ್ಪ ಕಡಿಮೆ. ಆದ್ದರಿಂದ ಅಜ್ಜನ ಕಾಲದ ಉದ್ದ ಕಡ್ಡಿಯ ಆಂಟೆನಾ ಯು.ಎಚ್.ಎಫ್.ಗೆ ಸರಿಹೊಂದುವುದಿಲ್ಲ. 'ಡಿಜಿಟಲ್ ಆಂಟೆನಾ' ಎಂದು ಹೆಸರಿಟ್ಟು ಎರಡರಷ್ಟು ಬೆಲೆ ಹೇಳುವವರನ್ನು ನಂಬಬೇಡಿ. ಆಂಟೆನಾಗೆ ಅನಲಾಗೂ ಗೊತ್ತಿಲ್ಲ, ಡಿಜಿಟಲ್ಲೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಲೆಯ ಉದ್ದ ಮಾತ್ರ. ಪೆಟ್ಟಿಗೆಯ ಮೇಲೆ '300 ಮೈಲಿ' ಎಂದು ಅಚ್ಚು ಹಾಕಿದ್ದರೆ ಅಲ್ಲೇ ಇಟ್ಟು ಬನ್ನಿ. ಈ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಹೋಗುತ್ತವೆ, ಭೂಮಿಯೇ ಬಾಗಿರುವುದರಿಂದ ಅವಕ್ಕೆ ಒಂದು ಕೊನೆಯಿದೆ. 150 ಮೀಟರ್ ಎತ್ತರದ ಗೋಪುರ, 10 ಮೀಟರ್ ಎತ್ತರದ ಮನೆಯ ಆಂಟೆನಾ ಎಂದು ಇಟ್ಟುಕೊಂಡರೆ ಲೆಕ್ಕ ಬರುವುದು ಸುಮಾರು 63 ಕಿಲೋಮೀಟರ್. ಮೈಲಿಯಲ್ಲಿ 40 ಕೂಡ ಇಲ್ಲ!

ಮೂರನೆಯದು ಮುಖ. ಮೀನಿನ ಮುಳ್ಳಿನಂಥ ಈ ಆಂಟೆನಾ 1926ರಲ್ಲಿ ಜಪಾನಿನಿಂದ ಬಂದದ್ದು, ಯಾಗಿ ಮತ್ತು ಉದಾ ಎಂಬ ಇಬ್ಬರ ಕೆಲಸ. ಇದರ ಗಿಡ್ಡ ಕಡ್ಡಿಗಳ ತುದಿ ಗೋಪುರದ ಕಡೆಗಿರಬೇಕು, ಉದ್ದದ ಕಡ್ಡಿ ಹಿಂದಿರಬೇಕು. ಹಿಂದುಮುಂದಾದರೆ ವೈಟ್‌ಫೀಲ್ಡಿನ ಕಡೆ ಮುಖ ಮಾಡಿ ಜೆ.ಸಿ. ನಗರಕ್ಕೆ ಬೆನ್ನು ತೋರಿಸಿ ಕೂತಂತೆ.

ನಾಲ್ಕನೆಯದು ಮತ್ತು ಮುಖ್ಯವಾದದ್ದು: ಕಾಸು ಬಿಚ್ಚುವ ಮೊದಲು ಶೋಧಿಸಿ. ಟಿ.ವಿ.ಯ ಕೈಪಿಡಿಯಲ್ಲಿ ಡಿ.ವಿ.ಬಿ.-ಟಿ2 ಎಂದಿದೆಯೇ ನೋಡಿ. ಇಲ್ಲದಿದ್ದರೆ ಆಂಟೆನಾ ಚಿನ್ನದ್ದಾದರೂ ಪ್ರಯೋಜನವಿಲ್ಲ, ಬೇರೆ ಪೆಟ್ಟಿಗೆ ಬೇಕು. ಇದ್ದರೆ, ಕಡಿಮೆ ಬೆಲೆಯ ಒಂದು ಯು.ಎಚ್.ಎಫ್. ಆಂಟೆನಾ ಎರವಲು ತಂದು ತಾರಸಿಯ ಬಾಗಿಲಲ್ಲಿ ಪಶ್ಚಿಮಕ್ಕೆ ಹಿಡಿದು ಹುಡುಕಾಟದ ಗುಂಡಿ ಒತ್ತಿ. ಸಿಕ್ಕರೆ ಮುಂದಿನ ಖರ್ಚು. ಅನಲಾಗ್ ಕಾಲದಲ್ಲಿ ಅಲೆ ಕಡಿಮೆಯಾದರೆ ಚಿತ್ರಕ್ಕೆ ನೆರಳು ಬರುತ್ತಿತ್ತು, ಮರಳು ಸುರಿಯುತ್ತಿತ್ತು, ಆದರೂ ಕಾಣುತ್ತಿತ್ತು. ಡಿಜಿಟಲ್ಲಿನಲ್ಲಿ ಹಾಗಿಲ್ಲ. ಬಂದರೆ ಪೂರ್ತಿ ಶುಭ್ರ, ಇಲ್ಲದಿದ್ದರೆ ಪೂರ್ತಿ ಕಪ್ಪು.

ತಾರಸಿಯ ಪಾಠ ಎರಡು: ಸೇರಿಸುವುದು

ನಮ್ಮ ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿ. 'ಒಂದರಲ್ಲಿ ಬರದಿದ್ದರೆ ಎರಡು ಹಾಕು, ಎರಡರ ತಂತಿಯನ್ನೂ ಸೇರಿಸಿ ಸುತ್ತು' ಎನ್ನುವ ಸಲಹೆ ಎಲ್ಲ ಬೀದಿಯಲ್ಲೂ ಸಿಗುತ್ತದೆ. ಹಾಗೆ ಬರೀ ತಂತಿ ಸುತ್ತಿದರೆ ಒಂದು ಹಿಡಿದದ್ದನ್ನು ಇನ್ನೊಂದು ಗಾಳಿಗೆ ವಾಪಸ್ಸು ಬಿಡುತ್ತದೆ. ಇದ್ದದ್ದೂ ಹೋಗುತ್ತದೆ.

ಒಂದೇ ಗೋಪುರಕ್ಕೆ ಎರಡು ಆಂಟೆನಾ ಹಾಕುವುದಾದರೆ ನಿಯಮ ಮೂರು. ಎರಡೂ ಒಂದೇ ಮಾದರಿಯವು ಇರಬೇಕು. ಎರಡೂ ಒಂದೇ ದಿಕ್ಕಿಗೆ ನೋಡಬೇಕು. ಎರಡರಿಂದ ಬರುವ ತಂತಿಯ ಉದ್ದ ಅಂಗುಲವೂ ಹೆಚ್ಚುಕಡಿಮೆಯಾಗದಂತೆ ಸಮನಾಗಿದ್ದು ಕಂಬೈನರಿನಲ್ಲಿ ಕೂಡಬೇಕು. ಉದ್ದ ತಪ್ಪಿದರೆ ಒಂದರ ಏರು ಇನ್ನೊಂದರ ಇಳಿವಿಗೆ ಸಿಕ್ಕು ಎರಡೂ ಅಳಿಯುತ್ತವೆ. ಎಲ್ಲ ಸರಿಯಾದಾಗಲೂ ಸಿಗುವುದು ಹೆಚ್ಚೆಂದರೆ ಎರಡರಷ್ಟು ಶಕ್ತಿ, ಕಸುಬಿನವರ ಮಾತಿನಲ್ಲಿ 3 ಡೆಸಿಬೆಲ್. ಅದೇ ಶಕ್ತಿ ಎಷ್ಟೋ ಸಲ ಕಂಬವನ್ನು ಇನ್ನೆರಡು ಮೀಟರ್ ಎತ್ತರಿಸಿದರೆ ಬಿಟ್ಟಿ ಸಿಗುತ್ತದೆ.

ಬೇರೆ ಬೇರೆ ದಿಕ್ಕಿಗೆ ನೋಡುವ ಎರಡು ಆಂಟೆನಾಗಳನ್ನು ಕಂಬೈನರಿನಲ್ಲಿ ಕೂಡಿಸಬೇಡಿ. ಒಂದರ ಅಲೆ ನೇರ ಬಂದರೆ ಇನ್ನೊಂದಕ್ಕೆ ಅದೇ ಅಲೆ ಗೋಡೆಗೆ ಬಡಿದು ತಡವಾಗಿ ಬರುತ್ತದೆ, ಎರಡಕ್ಕೂ ಜಗಳ. ಅಂಥ ಕಡೆ ಒಂದು ಸ್ವಿಚ್ಚು ಸಾಕು: ಇದು ಬೇಕಾದಾಗ ಇದು, ಅದು ಬೇಕಾದಾಗ ಅದು. ಆದರೆ ಅಲೆಪಟ್ಟಿಯೇ ಬೇರೆಯಾದರೆ, ಒಂದು ವಿ.ಎಚ್.ಎಫ್., ಒಂದು ಯು.ಎಚ್.ಎಫ್. ಆದರೆ, ಡಿಪ್ಲೆಕ್ಸರ್ ಎಂಬ ಪುಟ್ಟ ಡಬ್ಬಿ ಎರಡನ್ನೂ ಜಗಳವಿಲ್ಲದೆ ಒಂದೇ ತಂತಿಗೆ ಇಳಿಸುತ್ತದೆ. ಡಿಶ್ಶನ್ನೂ ಆಂಟೆನಾವನ್ನೂ ಒಂದೇ ತಂತಿಯಲ್ಲಿ ತರಲು ಬೇರೆ ಡಿಪ್ಲೆಕ್ಸರ್ ಇದೆ. ಮೇಲೊಂದು ಕೂಡಿಸಲು, ಕೆಳಗೊಂದು ಬಿಡಿಸಲು.

ಬೂಸ್ಟರ್ ವಿಷಯ. ಒಳ್ಳೆಯ ತಂತಿಯೇ ಆದರೂ 20 ಮೀಟರ್ ಇಳಿಯುವುದರೊಳಗೆ ಯು.ಎಚ್.ಎಫ್. ಅಲೆಯ ಅರ್ಧ ಶಕ್ತಿ ಸೋರಿಹೋಗುತ್ತದೆ. ಬೂಸ್ಟರನ್ನು ಟಿ.ವಿ.ಯ ಬೆನ್ನಿಗೆ ಹಾಕಿದರೆ ಸೋರಿ ಉಳಿದದ್ದನ್ನೂ ಕಸವನ್ನೂ ಒಟ್ಟಿಗೆ ಹಿಗ್ಗಿಸುತ್ತದೆ. ಅದು ಇರಬೇಕಾದ್ದು ಮೇಲೆ, ಆಂಟೆನಾದ ಬುಡದಲ್ಲಿ. ಅಲೆ ಸಾಕಷ್ಟಿದ್ದರೆ ಬೂಸ್ಟರೇ ಬೇಡ, ಅತಿಯಾದರೆ ಅದೂ ಕೆಡಿಸುತ್ತದೆ.

ಒಂದು ವಠಾರಕ್ಕೆ ಒಂದೇ ಕಂಬ ಸಾಕು. ಎರಡು ಮನೆಗೆ ಹಂಚಿದರೆ ಒಬ್ಬೊಬ್ಬರಿಗೆ ಅರ್ಧ, ನಾಲ್ಕು ಮನೆಗೆ ಹಂಚಿದರೆ ಕಾಲು. ಇಲ್ಲಿ ಮೇಲಿನ ಬೂಸ್ಟರಿಗೆ ನಿಜವಾದ ಕೆಲಸವಿದೆ. ಖರ್ಚು ಹಂಚಿಕೊಳ್ಳಿ. ಸಂಘ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ.

ಜೋಕೆಯ ಮಾತು: ನಮ್ಮ ಇಕ್ಕಟ್ಟು ಬೀದಿಗಳಲ್ಲಿ ವಿದ್ಯುತ್ ತಂತಿ ಕೈಗೆ ಎಟುಕುವಷ್ಟು ಹತ್ತಿರ ಹಾಯ್ದಿರುತ್ತದೆ. ನಿಮ್ಮ ಪೈಪು ಎಷ್ಟು ಉದ್ದವೋ ಅದಕ್ಕಿಂತ ಹೆಚ್ಚು ದೂರದಲ್ಲಿ ತಂತಿ ಇರಬೇಕು, ಪೈಪು ಬಿದ್ದರೂ ತಾಗಬಾರದು. ಕಂಬಕ್ಕೆ ಅರ್ಥಿಂಗ್ ಕೊಡಿ. ಗುಡುಗು ಮಿಂಚಿನ ಹೊತ್ತಿಗೆ ಮೇಲೆ ಹತ್ತಬೇಡಿ. ಕನ್ನಡಕ್ಕೆ ಬದುಕಿರುವ ಹುಡುಗರು ಬೇಕು.

ಬಿಟ್ಟಿ ಡಿಶ್ಶಿನಲ್ಲಿ ಯಾರ ಭಾಷೆ?

ಇನ್ನು ದೂರದರ್ಶನದ ಫ್ರೀ ಡಿಶ್. 2004ರ ಡಿಸೆಂಬರ್ 16ರಂದು ಶುರುವಾದದ್ದು, ಆಗ ಹೆಸರು ಡಿ.ಡಿ. ಡೈರೆಕ್ಟ್ ಪ್ಲಸ್. ಪೆಟ್ಟಿಗೆ, ತಟ್ಟೆ ಒಮ್ಮೆ ಕೊಂಡರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿ ಇದೆ ಎಂಬ ಅಂದಾಜು.

ಕೃಷ್ಣರಾಜಪುರದಲ್ಲಿ ಇದನ್ನು ಕೂರಿಸುವುದು ಆಂಟೆನಾಕ್ಕಿಂತ ಸುಲಭ. ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ನಮ್ಮ ತಾರಸಿಯಿಂದ ಅದು ಆಗ್ನೇಯಕ್ಕೆ, ಉತ್ತರದಿಂದ ಸುಮಾರು 128 ಡಿಗ್ರಿ ತಿರುಗಿದರೆ, ನೆಲದಿಂದ ಸುಮಾರು 66 ಡಿಗ್ರಿ ಮೇಲಕ್ಕೆ. ಇಷ್ಟು ಎತ್ತರದಲ್ಲಿರುವುದರಿಂದ, ನಿಮ್ಮ ತಾರಸಿಗಿಂತ 10 ಮೀಟರ್ ಎತ್ತರದ ಗೋಡೆಯೂ ನಾಲ್ಕೂವರೆ ಮೀಟರಿನ ಆಚೆ ಇದ್ದರೆ ಅಡ್ಡ ಬರುವುದಿಲ್ಲ. ಪಕ್ಕದ ಮನೆಯವರು ಇನ್ನೊಂದು ಅಂತಸ್ತು ಏರಿಸಿದರು ಎಂದು ಗೊಣಗಬೇಕಿಲ್ಲ. ನಾಲ್ಕು ಬಾಯಿಯ ಎಲ್.ಎನ್.ಬಿ. ಹಾಕಿದರೆ ನಾಲ್ಕು ಮನೆಯ ನಾಲ್ಕು ಪೆಟ್ಟಿಗೆಗೆ ಒಂದೇ ತಟ್ಟೆ ಸಾಕು.

ಎಲ್ಲ ಸರಿ. ಗುಂಡಿ ಒತ್ತಿ ನೋಡಿ. ಸಿನಿಮಾ, ಧಾರಾವಾಹಿ, ಹಾಡು, ವಾರ್ತೆ, ಭಜನೆ ಒಂದರ ಹಿಂದೆ ಒಂದು. ಬಹುಪಾಲು ಹಿಂದಿ! ಕನ್ನಡದ ಮಾನ ಕಾಯಲು ಮುಖ್ಯವಾಗಿ ನಿಂತಿರುವುದು ದೂರದರ್ಶನದ ಚಂದನ. ಆ ಚಂದನದ ಋಣ ನಮ್ಮ ಮೇಲಿದೆ. ಡಾ. ನಾ. ಸೋಮೇಶ್ವರರು 2002ರಿಂದ ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ಕನ್ನಡ ಪುಸ್ತಕಗಳನ್ನೇ ಬಹುಮಾನವಾಗಿ ಕೊಟ್ಟ ಕಾರ್ಯಕ್ರಮ. ಆದರೆ ಇಡೀ ಊರಿಗೆ ಅನ್ನ ಬಡಿಸಲು ಒಬ್ಬಳೇ ತಾಯಿಯನ್ನು ನಿಲ್ಲಿಸಿದರೆ ಸಾಕೇ?

ಇದು ಹೀಗೇಕಾಯಿತು? ಫ್ರೀ ಡಿಶ್ಶಿನ ಖಾಸಗಿ ಜಾಗಗಳನ್ನು ಪ್ರಸಾರ ಭಾರತಿ ಹರಾಜಿಗಿಡುತ್ತದೆ. ಹರಾಜಿನಲ್ಲಿ ಗೆಲ್ಲುವುದು ಹೆಚ್ಚು ಕೂಗಿದವನು. ಬಿಟ್ಟಿ ಡಿಶ್ಶಿನ ಮನೆಗಳು ಉತ್ತರದಲ್ಲಿ ಹೆಚ್ಚಿರುವುದರಿಂದ ಹಿಂದಿ ವಾಹಿನಿಯ ಜಾಹೀರಾತಿನ ಲೆಕ್ಕ ಕುದುರುತ್ತದೆ, ಅವನು ಹೆಚ್ಚು ಕೂಗುತ್ತಾನೆ. ಕನ್ನಡದ ದೊಡ್ಡ ಮನರಂಜನಾ ವಾಹಿನಿಗಳಿಗೆ ನಮ್ಮ ಜೇಬಿನ ತಿಂಗಳ ಕಾಸೇ ಹಿತ, ಅವು ಆ ಕಡೆ ತಲೆ ಹಾಕುವುದಿಲ್ಲ. ಕನ್ನಡ ಇಲ್ಲದ್ದರಿಂದ ನಮ್ಮ ಜನ ಫ್ರೀ ಡಿಶ್ ಕೊಳ್ಳುವುದಿಲ್ಲ. ನಮ್ಮ ಜನ ಕೊಳ್ಳದ್ದರಿಂದ ಕನ್ನಡ ಬರುವುದಿಲ್ಲ. ಗಾಣದ ಎತ್ತಿನ ಸುತ್ತು!

ಇದರ ಪೆಟ್ಟು ಯಾರಿಗೆ? ನಿಮಗಲ್ಲ, ನಿಮ್ಮ ಕೈಯಲ್ಲಿ ಮೊಬೈಲಿದೆ. ಪೆಟ್ಟು ಬೀಳುವುದು ಗಾರ್ಮೆಂಟಿಗೆ ಹೋಗುವ ಹೆಣ್ಣುಮಗಳ ಮನೆಗೆ, ಗಾರೆ ಕೆಲಸದವನ ಶೀಟಿನ ಮನೆಗೆ. ತಿಂಗಳ ಕಾಸು ಉಳಿಸಬೇಕೆಂದರೆ ಹಿಂದಿ ನೋಡು, ಕನ್ನಡ ಬೇಕೆಂದರೆ ಕಾಸು ತಾ. ಬಡವನ ಮುಂದೆ ಇಟ್ಟಿರುವ ಆಯ್ಕೆ ಇದು. ಹಿಂದಿ ಆಡುವ ಜನರ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಅವರ ಭಾಷೆ ಅವರಿಗೆ ಬಿಟ್ಟಿ ಸಿಗುವ ಹಾಗೆ ನಮ್ಮ ಭಾಷೆ ನಮಗೆ ಸಿಗಲಿ ಎಂದಷ್ಟೇ ಕೇಳುತ್ತಿದ್ದೇವೆ.

'ಟಿ.ವಿ. ಯಾರು ನೋಡ್ತಾರೆ ಗುರು?'

ಈ ಮಾತು ನಿಮ್ಮ ಬಾಯಲ್ಲಿ ಬಂದೇ ಬರುತ್ತದೆ. ಬರಲಿ. ಉತ್ತರ ಎರಡು.

ಒಂದು: ಮೊಬೈಲಿನಲ್ಲಿ ನೋಡುವವರು ಹೆಚ್ಚಿದಷ್ಟೂ ಜಾಲ ಉಸಿರುಗಟ್ಟುತ್ತದೆ, ಡೇಟಾ ಕರಗುತ್ತದೆ. ಗೋಪುರಕ್ಕೆ ಹತ್ತು ಮನೆ ನೋಡಿದರೂ ಒಂದೇ, ಹತ್ತು ಲಕ್ಷ ಮನೆ ನೋಡಿದರೂ ಒಂದೇ. ಅಲೆಗೆ ಗಡಿಯೂ ಇಲ್ಲ. ಜೆ.ಸಿ. ನಗರದಿಂದ ಹೊಸೂರು ನೇರ ದಾರಿಯಲ್ಲಿ 40 ಕಿಲೋಮೀಟರ್ ಕೂಡ ಆಗುವುದಿಲ್ಲ. ಬೆಂಗಳೂರಿನ ಗೋಪುರ ಕನ್ನಡವನ್ನು ಗಟ್ಟಿಯಾಗಿ ನುಡಿದರೆ ಗಡಿಯಾಚೆಯ ಕನ್ನಡಿಗನ ತಾರಸಿಗೂ ಅದು ಮುಟ್ಟುತ್ತದೆ, ಯಾರ ಪ್ಯಾಕೇಜಿನ ಅಪ್ಪಣೆಯೂ ಬೇಡ.

ಎರಡು: ನಾಳೆ ಮೊಬೈಲಿಗೂ ಇದೇ ಗಾಳಿ ಬರಲಿದೆ. ಇಂಟರ್ನೆಟ್ ಇಲ್ಲದೆ ಗೋಪುರದಿಂದ ನೇರ ಫೋನಿಗೆ ಟಿ.ವಿ. ಕಳಿಸುವ ತಂತ್ರದ ಪ್ರಯೋಗಗಳು ನಡೆದಿವೆ, ಬೆಂಗಳೂರಿನಲ್ಲೂ ನಡೆದಿವೆ. ಅದರ ಹಿಂದೆ ಇರುವ ಸಾಂಖ್ಯ ಲ್ಯಾಬ್ಸ್ ಬೆಂಗಳೂರಿನದೇ ಕಂಪನಿ. 19 ನಗರಗಳಲ್ಲಿ ಪ್ರಯೋಗ ಮಾಡುವುದಾಗಿ, 470ರಿಂದ 582 ಮೆಗಾಹರ್ಟ್ಸ್ ಅಲೆಪಟ್ಟಿಯನ್ನು ಇದಕ್ಕೆ ಮೀಸಲಿಡಲು ಒತ್ತಾಯಿಸುವುದಾಗಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಕಾರ್ಯದರ್ಶಿ 2024ರ ಜನವರಿಯಲ್ಲಿ ಹೇಳಿದರು. ಅದೇ ಯು.ಎಚ್.ಎಫ್., ಅದೇ ಒಂದಡಿ ಕಡ್ಡಿಯ ಗಾಳಿ! ಅದರಲ್ಲಿ ಕನ್ನಡ ಎಷ್ಟು ಎಂದು ಎಲ್ಲ ಮುಗಿದ ಮೇಲೆ ಕೇಳಿದರೆ ಹೆಣ ಹೋದ ಮೇಲೆ ಔಷಧಿ ತಂದಂತೆ.

ಐದು ಲಕ್ಷ ಜನ ಗೆದ್ದದ್ದು

ಇಂಗ್ಲೆಂಡಿನ ಪಕ್ಕದಲ್ಲಿ ವೇಲ್ಸ್ ಎಂಬ ಪುಟ್ಟ ನಾಡಿದೆ. 1980ರ ಸುಮಾರಿಗೆ ಅಲ್ಲಿ ವೆಲ್ಷ್ ಭಾಷೆ ಆಡುವವರು ಸುಮಾರು ಐದು ಲಕ್ಷ. ನಮ್ಮ ಭಾಷೆಗೊಂದು ವಾಹಿನಿ ಕೊಡಿ ಎಂದು ಕೇಳಿದರು. ಕೊಡುತ್ತೇವೆ ಎಂದು ಮಾತುಕೊಟ್ಟು ಅಧಿಕಾರಕ್ಕೆ ಬಂದ ಥ್ಯಾಚರ್ ಸರ್ಕಾರ ಮಾತು ತಪ್ಪಿತು. ಜನ ಟಿ.ವಿ. ಪರವಾನಗಿ ಶುಲ್ಕ ಕಟ್ಟುವುದಿಲ್ಲ ಎಂದು ಕೂತರು. ಪ್ಲೈಡ್ ಕಮ್ರಿ ಪಕ್ಷದ ಮುಖಂಡ ಗ್ವಿನ್‌ಫರ್ ಎವನ್ಸ್ 1980ರಲ್ಲಿ ಆಮರಣ ಉಪವಾಸ ಘೋಷಿಸಿದರು. ಉಪವಾಸದ ದಿನ ಬರುವ ಮೊದಲೇ ಸರ್ಕಾರ ಮಣಿಯಿತು. 1982ರಲ್ಲಿ ಎಸ್4ಸಿ ಎಂಬ ವೆಲ್ಷ್ ವಾಹಿನಿ ಗೋಪುರದಿಂದ ತಾರಸಿಯ ಆಂಟೆನಾಕ್ಕೆ ಇಳಿಯಿತು. ದಿನಾಂಕ ಯಾವುದು ಗೊತ್ತೇ? ನವೆಂಬರ್ 1!

ಅವರು ಐದು ಲಕ್ಷ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಹೋಲಿಸಿ ನೋಡಿ, ತಲೆ ತಗ್ಗುತ್ತದೆಯೋ ಎದೆ ಉಬ್ಬುತ್ತದೆಯೋ ನೀವೇ ಹೇಳಿ.

ಮಾಡಬೇಕಾದ್ದು

ಕೇಳಬೇಕಾದ್ದು ಎರಡೇ. ಮೊದಲನೆಯದು, ಬೆಂಗಳೂರಿನ ಗೋಪುರದಿಂದ ಒಂದು ಪೂರ್ತಿ ಕನ್ನಡ ಡಿಜಿಟಲ್ ಕಾಲುವೆ. ಡಿ.ವಿ.ಬಿ.-ಟಿ2 ಪದ್ಧತಿಯಲ್ಲಿ 8 ಮೆಗಾಹರ್ಟ್ಸಿನ ಒಂದೇ ಕಾಲುವೆಯಲ್ಲಿ ಹತ್ತಕ್ಕೂ ಹೆಚ್ಚು ಸಾಮಾನ್ಯ ಗುಣಮಟ್ಟದ ವಾಹಿನಿಗಳನ್ನು ಕಳಿಸಬಹುದು. ಭೂಪ್ರಸಾರಕ್ಕೆ ಖಾಸಗಿಯವರನ್ನೂ ಬಿಡಿ ಎಂದು ಟ್ರಾಯ್ 2017ರ ಜನವರಿ 31ರಂದೇ ಶಿಫಾರಸು ಮಾಡಿದೆ. ಮಕ್ಕಳಿಗೊಂದು, ರೈತರಿಗೊಂದು, ಪಾಠಕ್ಕೊಂದು, ಸಿನಿಮಾಕ್ಕೊಂದು ಕನ್ನಡ ವಾಹಿನಿ ಅದರಲ್ಲಿ ಹಿಡಿಸುತ್ತದೆ. ಎರಡನೆಯದು, ಫ್ರೀ ಡಿಶ್ಶಿನಲ್ಲಿ ಹರಾಜಿನ ಕೂಗಾಟಕ್ಕೆ ಸಿಗದ ಹಾಗೆ ಕನ್ನಡಕ್ಕೆ ಮೀಸಲು ಜಾಗ.

ನೀವು ಇಂದೇ ಮಾಡಬಹುದಾದ್ದೂ ಇದೆ. ಹೊಸ ಟಿ.ವಿ. ಕೊಳ್ಳುವಾಗ ಒಳಗೇ ಟ್ಯೂನರ್ ಇದೆಯೇ ಎಂದು ಗಟ್ಟಿಯಾಗಿ ಕೇಳಿ. ಒಳಗೇ ಉಪಗ್ರಹ ಟ್ಯೂನರ್ ಇರುವ ಟಿ.ವಿ.ಗೆ ಭಾರತೀಯ ಮಾನಕವೇ ಇದೆ, ಐ.ಎಸ್. 18112:2022. ಅಂಥದ್ದಕ್ಕೆ ಫ್ರೀ ಡಿಶ್ ನೋಡಲು ಬೇರೆ ಪೆಟ್ಟಿಗೆ ಬೇಡ. ಹತ್ತು ಜನ ಕೇಳಿದರೆ ಅಂಗಡಿಯವನು ಹನ್ನೊಂದನೆಯದನ್ನು ತಾನೇ ತರಿಸುತ್ತಾನೆ.

ಕೊನೆಯದಾಗಿ ಒಂದು ಅಸ್ತ್ರ. 2005ರ ಮಾಹಿತಿ ಹಕ್ಕು ಕಾಯಿದೆಯ 6ನೇ ಕಲಮಿನ ಪ್ರಕಾರ ಅರ್ಜಿಯನ್ನು ಆಯಾ ಪ್ರದೇಶದ ಆಡಳಿತ ಭಾಷೆಯಲ್ಲೇ ಕೊಡಬಹುದು. ಅಂದರೆ ಕೇಂದ್ರದ ಸಂಸ್ಥೆಗೂ ಇಲ್ಲಿಂದ ಕನ್ನಡದಲ್ಲೇ ಅರ್ಜಿ! ಶುಲ್ಕ 10 ರೂಪಾಯಿ. ಬೆಂಗಳೂರು ದೂರದರ್ಶನಕ್ಕೆ ಬರೆಯಿರಿ. ಪ್ರಶ್ನೆ ನಾಲ್ಕು ಸಾಕು: ಜೆ.ಸಿ. ನಗರದ ಗೋಪುರದಿಂದ ಯಾವ ತರಂಗಾಂತರದಲ್ಲಿ, ಎಷ್ಟು ಶಕ್ತಿಯಲ್ಲಿ ಏನು ಪ್ರಸಾರವಾಗುತ್ತಿದೆ? ಅದರಲ್ಲಿ ಕನ್ನಡ ದಿನಕ್ಕೆ ಎಷ್ಟು ಗಂಟೆ? ಫ್ರೀ ಡಿಶ್ಶಿನ ಒಟ್ಟು ವಾಹಿನಿಗಳೆಷ್ಟು, ಕನ್ನಡದವು ಎಷ್ಟು? ಕನ್ನಡಕ್ಕೆ 'ಸಾಕಷ್ಟು ಜಾಗ' ಕೊಡಲು 12ನೇ ಕಲಮಿನ ಪ್ರಕಾರ ಏನು ಮಾಡಿದ್ದೀರಿ?

ಕೃಷ್ಣರಾಜಪುರದ ಬೀದಿಗೊಂದರಂತೆ ನೂರು ಅರ್ಜಿ ಹೋಗಲಿ. ಕನ್ನಡದಲ್ಲಿ ಕೇಳಿದ ನೂರು ಪ್ರಶ್ನೆಗೆ ಕನ್ನಡದಲ್ಲೇ ನೂರು ಉತ್ತರ ಬರೆಯಬೇಕಾಗಿ ಬಂದ ದಿನ, ಗಾಳಿಯಲ್ಲಿ ಕನ್ನಡಿಗರೂ ಪಾಲುದಾರರು ಎಂಬುದು ದಿಲ್ಲಿಗೆ ನೆನಪಾಗುತ್ತದೆ. ಒಂದು ಅರ್ಜಿಗೆ ಹತ್ತು ರೂಪಾಯಿ, ಗೆಳೆಯರೇ. ನೀವು ಕನ್ನಡಕ್ಕೆ ಕಟ್ಟುವ ಒಂದು ತಿಂಗಳ ಬಾಡಿಗೆಯಲ್ಲಿ ಅಂಥ ಅರ್ಜಿ ಎಷ್ಟು ಬರೆಯಬಹುದೋ ಲೆಕ್ಕ ಹಾಕಿ, ಪೆನ್ನು ಹಿಡಿಯಿರಿ.